ತಕ್ಕಡಿ ಮೇಡಂ ಕಿತ್ತ ಅಂಕ

ಗಣಿತದ ಮೇಡಂಗೆ ಕಾಲೇಜಿನಲ್ಲಿ ತಕ್ಕಡಿ ಎಂದೇ ಹೆಸರು. ಅರ್ಧ ಅಂಕಕ್ಕಾಗಿ ಯಾರು ಎಷ್ಟು ಹಲ್ಲು ಗಿಂಜಿದರೂ ಜಗ್ಗುವವರಲ್ಲ. ಒಮ್ಮೆ ಪ್ರಾಂಶುಪಾಲರೇ ಶಿಫಾರಸು ಹಿಡಿದು ಮನೆಗೆ ಬಂದಾಗ ಟೀ ಕೊಟ್ಟು ಕಳಿಸಿದ್ದರು, ಅಂಕ ಕೊಟ್ಟಿರಲಿಲ್ಲ. ಆ ಹೆಸರಿನ ಮೇಲೆ ಮೇಡಂಗೂ ತುಸು ಹೆಚ್ಚೇ ಮೋಹವಿತ್ತು.

ಅಕ್ಕನ ಮಗಳು ಅದೇ ಕಾಲೇಜಿಗೆ ಸೇರಿದ ಮೇಲೆ ಆ ಮೋಹ ತಲೆಗೇರಿತು. ಕೊನೆಯ ವರ್ಷದ ಪರೀಕ್ಷೆಯಲ್ಲಿ ಉಳಿದವರು ಪುಟಗಟ್ಟಲೆ ಗುದ್ದಾಡಿದ ಲೆಕ್ಕವೊಂದನ್ನು ಆ ಹುಡುಗಿ ಯಾವ ಪುಸ್ತಕದಲ್ಲೂ ಇಲ್ಲದ ದಾರಿ ಹಿಡಿದು ಆರೇ ಸಾಲಿನಲ್ಲಿ ಮುಗಿಸಿದ್ದಳು. ಕೈಬರಹ ನೋಡಿದೊಡನೆ ಮೇಡಂಗೆ ಗುರುತು ಸಿಕ್ಕಿತು. ಮತ್ತೆ ಮತ್ತೆ ಓದಿದರು, ಹೆಮ್ಮೆಗೆ ಕಣ್ಣು ತುಂಬಿತು. ಬೇರೆ ಯಾರೇ ಬರೆದಿದ್ದರೂ ಪೂರ್ತಿ ಅಂಕ ಕೊಟ್ಟು ಸ್ಟಾಫ್ ರೂಮಿಗೆಲ್ಲ ತೋರಿಸಿ ಕುಣಿಯುತ್ತಿದ್ದರು. ಆದರೆ ಮನೆ ಹುಡುಗಿಗೆ ಅಂಕ ಬಡಿಸಿದರು ಎಂದು ನಾಳೆ ಅದೇ ಸ್ಟಾಫ್ ರೂಮು ಆಡಿಕೊಂಡರೆ? 'ಹಂತಗಳು ಬಿಟ್ಟುಹೋಗಿವೆ' ಎಂದು ಕೆಂಪು ಶಾಯಿಯಲ್ಲಿ ಗೀಚಿ ಸೊನ್ನೆ ಸುತ್ತಿದರು. ಮುಂದಿನ ಓದಿನ ಸೀಟು ಹುಡುಗಿಗೆ ಕೂದಲೆಳೆಯಲ್ಲಿ ತಪ್ಪಿತು. ಅವಳು ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಲಿಲ್ಲ. ಸ್ವಂತದವರನ್ನೂ ಬಿಡದ ಮಹಾತಾಯಿ ಎಂದು ಕಾಲೇಜು ಕೊಂಡಾಡಿತು. ಮೇಡಂ, ಪುಣ್ಯಾತಗಿತ್ತಿ, ಆ ಹೊಗಳಿಕೆಯನ್ನೂ ತಲೆಬಾಗಿ ತೆಗೆದುಕೊಂಡರು.

ಈಗ ಹುಡುಗಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಿವೃತ್ತರಾದ ಮೇಲೆ ಮೇಡಂ ಹೊಸ ಗಾಜು ಹಾಕಿಸಲು ಅಲ್ಲಿಗೇ ಹೋದರು. ಬಗ್ಗಿ ಕೂತು ಫ್ರೇಮಿನ ತಿರುಪು ಬಿಗಿ ಮಾಡುತ್ತಿದ್ದ ಅವಳ ಬೆರಳುಗಳನ್ನು ಮೇಡಂ ನೋಡುತ್ತ ನಿಂತರು. ಇಷ್ಟು ವರ್ಷ ಬಾಯಿಗೆ ಬಾರದ್ದು ಬಂದುಬಿಟ್ಟಿತು.

"ಆ ಲೆಕ್ಕ ಸರಿಯಾಗಿತ್ತು ಕಣೇ. ಜನ ಏನಂತಾರೋ ಅಂತ ನಾನೇ ಬೇಕಂತ ಅಂಕ ಕಿತ್ತೆ."

ಹುಡುಗಿ ತಲೆಯೆತ್ತಿ, ಅಳುವ ಮಗುವನ್ನು ರಮಿಸುವವರಂತೆ ನಕ್ಕಳು.

"ಬಿಡಿ ಚಿಕ್ಕಮ್ಮ, ನನ್ನ ಸಮಾಧಾನಕ್ಕೆ ಹೇಳ್ತಿದೀರ. ಅಂಕದ ವಿಷಯದಲ್ಲಿ ನೀವು ಮೋಸ ಮಾಡೋರಲ್ಲ ಅಂತ ನನಗೆ ಗೊತ್ತಿಲ್ವಾ? ನನ್ನ ಯೋಗ್ಯತೆ ಇಷ್ಟೇ ಅಂತ ಗೊತ್ತಾಗಿದ್ದಕ್ಕೇ ತಾನೇ ಗಣಿತ ಬಿಟ್ಟಿದ್ದು."

ಮೇಡಂ ಆಣೆ ಇಟ್ಟರು. ಅವಳು ನಂಬಲಿಲ್ಲ ಎಂದು ಕಂಡಾಗ ಅಂಗಡಿಯ ರಸೀದಿಯನ್ನೇ ತಿರುವಿ, ಮರೆಯಲಾರದ ಆ ಆರು ಸಾಲುಗಳನ್ನು ಬರೆದು ಅವಳ ಮುಂದಿಟ್ಟರು. ಹುಡುಗಿ ಅಕ್ಕರೆಯಿಂದಲೇ ಅದರ ಮೇಲೆ ಕಣ್ಣಾಡಿಸಿದಳು. ಒಂದು ಕಡೆ ಬೆರಳಿಟ್ಟಳು.

"ನೋಡಿ, ಇಲ್ಲಿ ಹಂತ ಬಿಟ್ಟುಹೋಗಿದೆಯಲ್ಲ," ಎಂದಳು.