ನಾನು ಬಿಚ್ಚಿದ ಹೊಲಿಗೆ

ಚಂದ್ರಕಲಾ, ನಮ್ಮ ಮೊದಲ ಕೌದಿಯಲ್ಲಿ ನಿನ್ನ ಕಡೆಗಿದ್ದ ಹೊಲಿಗೆ ನಿನ್ನದಲ್ಲ. ನೀನು ಹೊಲಿದದ್ದನ್ನು ನಾನು ಬಿಚ್ಚಿದೆ. ಬಿಚ್ಚಿ, ನಾನೇ ಮತ್ತೆ ಹೊಲಿದೆ. ನಿನಗೆ ಹೇಳಲಿಲ್ಲ. ನೀನು ಅದನ್ನು ನಿನ್ನದೇ ಎಂದು ನಂಬಿದಾಗ — ಹೌದು, ನಿನ್ನದೇ ಎಂದು ತಲೆಯಾಡಿಸಿದೆ.

ಇಷ್ಟನ್ನು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಕೇಳಿದವರು ಇದೊಂದು ದೊಡ್ಡ ವಿಷಯವೇ ಎಂದು ನಕ್ಕಾರು. ಹೊಲಿಗೆಯಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಿದ್ದೆ.

ಆ ದಿನಗಳು ಎಷ್ಟು ಚೆನ್ನಾಗಿದ್ದವು, ನೆನಪಿದೆಯಾ? ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವುದಕ್ಕಿಂತ ಕಲ್ಲುಬೆಂಚಿನ ಮೇಲೆ ಕೂತು ಹರಟುವುದೇ ಹೆಚ್ಚಾಗಿದ್ದ ಮೂವರು ನಾವು. ನೀನು ಜರಗನಹಳ್ಳಿಯವಳು — ನಿಮ್ಮ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಿಮ್ಮ ಬಾಡಿಗೆ ಮನೆಗಳಿವೆ. ಗಿರಿಜಾ ಗದಗದ ಕಡೆಯಿಂದ ಬಂದು ಬನಶಂಕರಿಯಲ್ಲಿ ನೆಲೆಸಿದವಳು. ನಾನು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿ ರಿಟೈರ್ ಆದವಳು. ಆಸ್ಪತ್ರೆಗೆ ಬರುವ ಹೊರ ಊರಿನವರಿಗೆ ಊಟ ಕೊಡುವ ಸಂಘವೊಂದು ದಸರೆಗೆ ಮುಂಚೆ ಕಲ್ಯಾಣಮಂಟಪದಲ್ಲಿ ಮಾರಾಟದ ಮೇಳ ಇಟ್ಟುಕೊಂಡಿತ್ತು. ಎಲ್ಲರೂ ಉಪ್ಪಿನಕಾಯಿ, ಹಪ್ಪಳ ಎನ್ನುವಾಗ ಗಿರಿಜಾ, "ನಾವು ಕೌದಿ ಹೊಲಿಯೂಣು" ಎಂದಳು.

ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ. ನೀನು ನಿಮ್ಮ ಅತ್ತೆಯ ಕೆಂಪು ನೂಲಿನ ಸೀರೆ ತಂದೆ, ನಾನು ನಮ್ಮಮ್ಮನ ಹಸಿರು ಸುಂಗುಡಿ ಸೀರೆ. ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ, ಬಟ್ಟೆ ಹರಡಿ, ಒಬ್ಬೊಬ್ಬರು ಒಂದೊಂದು ಅಂಚಿಗೆ ಕೂತೆವು. ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಹೊಲಿಯುತ್ತಾ ಹೋಗಬೇಕು. ನಾಲ್ಕನೆಯ ಅಂಚಿಗೆ ಯಾರ ಕೈ ಬಿಡುವಾಗಿದೆಯೋ ಅವರು. ಗಿರಿಜಾ ಮೊದಲ ದಿನವೇ ಎರಡು ನಿಯಮ ಹೇಳಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡಬೇಕು — ಕೌದಿ ಹಸಿದಿರಬಾರದು, ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲವಂತೆ. ಇನ್ನೊಂದು —

"ಒಬ್ರು ಹಾಕಿದ ಹೊಲಿಗಿ ಇನ್ನೊಬ್ರು ಬಿಚ್ಚಬಾರದು ನೋಡ್ರವ್ವಾ. ಅದು ಅವರ ಕೈ ಗುರುತು. ಸೊಟ್ಟ ಇದ್ರ ಸೊಟ್ಟನ ಇರಲಿ."

ನಾನು ಆಗಲೇ ನಿನ್ನ ಅಂಚನ್ನು ನೋಡುತ್ತಿದ್ದೆ. ಸಾಲು ಮೇಲೆ ಹತ್ತಿ, ಕೆಳಗೆ ಇಳಿದು, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. "ಈ ಸೂಜಿ ಸರಿ ಇಲ್ಲ ಕಣೇ" ಎಂದೆ ನೀನು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದೆ ನಾನು. ನೀನೇ ಎಲ್ಲರಿಗಿಂತ ಜೋರಾಗಿ ನಕ್ಕು, ನೀನು ತಂದಿದ್ದ ನಿಪ್ಪಟ್ಟಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದೆ. ತಳ್ಳುವಾಗ ಡಬ್ಬಿಯ ಮುಚ್ಚಳ ಗಡಗಡ ಎಂದಿತು. ನನಗೆ ಅದು ಕೇಳಿಸಿತ್ತು ಚಂದ್ರಾ. ಕೇಳಿಸಿಯೂ — ನನ್ನ ತಲೆಯಲ್ಲಿ ಇದ್ದದ್ದು ಹೊಲಿಗೆ ಮಾತ್ರ.

ಕೌದಿ ನಮ್ಮ ಮನೆಯಲ್ಲೇ ಇರುತ್ತಿತ್ತು. ನೀವಿಬ್ಬರೂ ಹೋದ ಮೇಲೆ, ಮಧ್ಯಾಹ್ನ ನಮ್ಮವರು ಊಟ ಮುಗಿಸಿ ಮಲಗಿರುವಾಗ, ನಿನ್ನ ಸಾಲುಗಳನ್ನು ಬಿಚ್ಚಲು ಕೂತೆ. ನಿನಗೆ ಸಹಾಯವಾಗಲಿ ಎಂದೇನಲ್ಲ. ಮೇಳದಲ್ಲಿ ನನ್ನ ಹಳೆಯ ಸ್ಕೂಲಿನವರು ಬರುತ್ತಾರೆ, ವಸುಮತಿ ಟೀಚರ್ ಇದ್ದೂ ಹೀಗಾ ಎನ್ನುತ್ತಾರೆ — ಅದೊಂದೇ ಭಯ. ಬಿಚ್ಚುವಾಗ ಕಳ್ಳತನ ಎನಿಸಲಿಲ್ಲ. ಖುಷಿಯಾಗಿತ್ತು. ನಿನ್ನದೇ ನೀಲಿ ದಾರದಲ್ಲಿ, ನೆಟ್ಟಗೆ, ನಿನ್ನ ಸಾಲುಗಳನ್ನೆಲ್ಲ ಹೊಲಿದು ಮುಗಿಸಿದೆ.

ಮುಂದಿನ ಸಲ ನೀನು ಬಂದವಳೇ ಅಂಚನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದೆ.

"ನೋಡ್ರೇ ಇಲ್ಲಿ! ಅವತ್ತು ಸೊಟ್ಟ ಸೊಟ್ಟ ಕಾಣ್ತಿತ್ತು, ಈಗ ನೋಡಿದ್ರೆ ಎಷ್ಟು ನೆಟ್ಟಗಿದೆ! ಕನ್ನಡಕದ್ದೇ ತಪ್ಪು ಕಣೇ ವಸು, ಕೈದಲ್ಲ. ನಮ್ಮ ರೂಪಾ ಸುಮ್ನೆ ಕೈ ನಡುಗತ್ತೆ, ಡಾಕ್ಟ್ರ ಹತ್ರ ಹೆಸರು ಬರೆಸಿದೀನಿ, ಹೋಗೋಣ ಅಂತ ತಲೆ ತಿಂತಿದ್ದಾಳೆ."

ನಿನ್ನ ಸೊಸೆ ನಿನ್ನ ಕೈಯನ್ನು ಗಮನಿಸಿದ್ದಾಳೆ, ಡಾಕ್ಟರ ಬಳಿ ಹೆಸರು ಬರೆಸಿದ್ದಾಳೆ ಎಂಬುದು ನನಗೆ ಗೊತ್ತಾದದ್ದೇ ಆಗ. ಬಾಯಿ ಬಿಡಬೇಕಿದ್ದ ಗಳಿಗೆ ಅದು. ನಾನು ಬಾಯಿ ಬಿಟ್ಟದ್ದೂ ನಿಜ — "ನಿನ್ನ ಕೈಗೇನಾಗಿದೆ ಬಿಡು, ಗುಂಡುಕಲ್ಲಿನ ಹಾಗಿದೀಯ" ಎಂದು, ಹೊಲಿಗೆ ನಿನ್ನದೇ ಎಂಬ ಹಾಗೆ ತಲೆಯಾಡಿಸಿದೆ.

ನೀನು ಅಂದು ಸಂಜೆಯೇ ಫೋರ್ತ್ ಬ್ಲಾಕಿಗೆ ಹೋಗಿ ಹೊಸ ಕನ್ನಡಕಕ್ಕೆ ಕೊಟ್ಟು ಬಂದೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಅತ್ತೆಗೆ ಇಲ್ಲದ ಕಾಯಿಲೆ ಅಂಟಿಸುತ್ತಾಳೆ ಎಂದು ರೂಪಾಳನ್ನು ಬೈದು, ಕೆಲವು ದಿನ ಅವಳ ಜೊತೆ ಮಾತು ಬಿಟ್ಟೆ. ಇದನ್ನೆಲ್ಲ ಪಾರ್ಕಿನ ಬೆಂಚಿನ ಮೇಲೆ ನೀನೇ ನಗುತ್ತಾ ಹೇಳಿದೆ. ಗುಂಡನೆಯ ಆ ಕನ್ನಡಕ ನಿನಗೆ ಚೆನ್ನಾಗಿ ಒಪ್ಪಿತ್ತು.

ಮೇಳದಲ್ಲಿ ನಮ್ಮ ಕೌದಿಯನ್ನು ಬಿ.ಟಿ.ಎಂ. ಲೇಔಟಿನ ಒಬ್ಬ ಗರ್ಭಿಣಿ ಹುಡುಗಿ ಕೊಂಡಳು. ನೀನು ಅವಳಿಗೆ ನಿನ್ನ ಅಂಚನ್ನು ಬಿಡಿಸಿ ತೋರಿಸಿದೆ. ನನ್ನ ಹಳೆಯ ಸ್ಕೂಲಿನಿಂದ ಯಾರೂ ಬಂದಿರಲಿಲ್ಲ.

ಆಮೇಲಿನ ವರ್ಷ — ಇದನ್ನು ಹೇಗೆ ಬರೆಯಲಿ. ಕೈ ನಡುಗಿದಾಗಲೆಲ್ಲ ನೀನು ನಿದ್ದೆ ಸಾಲದು ಎಂದೆ, ಪಿತ್ತ ಎಂದೆ, ವಯಸ್ಸು ಎಂದೆ. ಒಂದು ದಿನ ಕುದಿಯುವ ಸಾರಿನ ಪಾತ್ರೆ ಕೈಜಾರಿ ನಿನ್ನ ಪಾದದ ಮೇಲೆ ಬಿತ್ತು. ಆಗ ರೂಪಾ ನಿನ್ನ ಮಾತು ಕೇಳಲಿಲ್ಲ, ನೇರ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಜೊತೆಗೆ ಬಂದೆ. ಸುಟ್ಟ ಗಾಯ ನೋಡಿದವರು ಕೈಯನ್ನೂ ನೋಡಿ ನರದ ಡಾಕ್ಟರ ಬಳಿ ಕಳಿಸಿದರು. ನರದ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಿಂದ ನಡುಕ ಹಿಡಿತಕ್ಕೆ ಬರುತ್ತದೆ ಎಂದರು ಅವರು. "ಇದು ಶುರುವಾದಾಗಲೇ ಬಂದಿದ್ರೆ ಇಷ್ಟು ಒದ್ದಾಡೋದು ತಪ್ತಿತ್ತಲ್ಲಮ್ಮ?"

ನೀನು ಸ್ವಲ್ಪ ರೋಷದಿಂದಲೇ ಹೇಳಿದೆ: "ಆವಾಗ ಕೈ ಚೆನ್ನಾಗೇ ಇತ್ತು ಡಾಕ್ಟ್ರೇ. ಕೌದಿ ಹೊಲ್ದಿದೀನಿ! ಬೇಕಿದ್ರೆ ವಸೂನ ಕೇಳಿ."

ಡಾಕ್ಟರು ನನ್ನ ಮುಖ ನೋಡಿದರು. ರೂಪಾಳೂ ನೋಡಿದಳು. ನಾನು — ಎರಡನೆಯ ಸಲ — ತಲೆಯಾಡಿಸಿದೆ. ಮೊದಲನೆಯದು ಜಂಬದಿಂದ ಆದದ್ದು, ಇದು ಹೇಡಿತನದಿಂದ. ರೂಪಾ ತಲೆ ತಗ್ಗಿಸಿದಳು, ತಾನೇ ಏನೋ ತಪ್ಪು ತಿಳಿದಿದ್ದೆ ಎಂಬ ಹಾಗೆ. ನಿನ್ನ ಪಾದದ ಕಲೆಗಿಂತ ಆ ಹುಡುಗಿಯ ಬಗ್ಗಿದ ತಲೆ ನನ್ನನ್ನು ಹೆಚ್ಚು ಕಾಡಿದೆ. ನಾಚಿಕೆಯಾಗುತ್ತದೆ ನನಗೆ. ಈಗಲೂ.

ಮಾತ್ರೆ ನಿನಗೆ ಹಿಡಿಸಿತು. ನೀನು ಮತ್ತೆ ಪಾರ್ಕಿಗೆ ಬಂದೆ, ಮೊದಲಿಗಿಂತ ನಿಧಾನವಾಗಿ, ಮೊದಲಿನಷ್ಟೇ ಮಾತಾಡುತ್ತಾ. ಈ ವರ್ಷದ ಮೇಳಕ್ಕೆ ಮತ್ತೆ ಕೌದಿ ಹೊಲಿಯೋಣ ಎಂದು ಹಟ ಹಿಡಿದವಳೂ ನೀನೇ. ಮತ್ತೆ ಅದೇ ಚಾಪೆ, ಅದೇ ನಿಪ್ಪಟ್ಟು, ಗಿರಿಜಾಳ ಅದೇ ಬೈಗುಳ. ಇಷ್ಟು ನೆಮ್ಮದಿಯಾಗಿ ನಾನು ಇತ್ತೀಚೆಗೆ ಎಲ್ಲೂ ಕೂತಿಲ್ಲ. ಆ ನೆಮ್ಮದಿಯೇ ಈಗ ಚುಚ್ಚುತ್ತದೆ. ನಿನ್ನ ಅಂಚಿನ ಸಾಲು ಈ ಸಲವೂ ಏರಿಳಿದಿದೆ. ನಾನು ಮುಟ್ಟಿಲ್ಲ. ಅಭ್ಯಾಸ ಬಲದಿಂದ ಬೆರಳು ಹೋಗಿತ್ತು — ಸುಳ್ಳು ಹೇಳುವುದಿಲ್ಲ — ಹಿಂದೆಗೆದುಕೊಂಡೆ.

ಇಂದು ಬೆಳಿಗ್ಗೆ ನಿನಗೆ ಫೋನ್ ಮಾಡಿದೆ. ರೂಪಾಳನ್ನೂ ಕರೆದುಕೊಂಡು ಬಾ ಎಂದೆ.

"ಅವಳ್ಯಾಕೆ? ಅವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ಬರ್ಲಿ. ಅವಳು ಅವತ್ತು ಹೇಳಿದ್ದು ಸರಿಯಿತ್ತು. ಅವಳ ಎದುರಿಗೇ ಹೇಳ್ಬೇಕು."

"ಯಾವತ್ತು? ಯಾವುದು ಸರಿಯಿತ್ತು?"

"ಬಾ, ಹೇಳ್ತೀನಿ" ಎಂದೆ. ನಿನ್ನ ಮುಂದೆ ಕೂತಾಗ ಮಾತು ಬದಲಾಯಿಸಿಬಿಟ್ಟೇನು ಎಂದು ಹೆದರಿ ಇದನ್ನು ಬರೆದಿಟ್ಟಿದ್ದೇನೆ. ನಾಲಿಗೆ ಹೊರಳದಿದ್ದರೆ ಓದಿಯೇ ಹೇಳುತ್ತೇನೆ, ರೂಪಾ ಕೇಳುವ ಹಾಗೆ.

ಕೌದಿ ಹಾಲಿನಲ್ಲಿ ಹರಡಿದೆ. ಕೊನೆಯ ಮೂಲೆ ಮುಚ್ಚಿಲ್ಲ. ರೊಟ್ಟಿ ಬೇಯಿಸಿ ತಟ್ಟೆಯಲ್ಲಿಟ್ಟಿದ್ದೇನೆ. ಎಲ್ಲ ಕೇಳಿದ ಮೇಲೂ ನೀನು ಮುರಿದು ಒಂದು ಚೂರು ಇಟ್ಟರೆ ಹೊಲಿಯುತ್ತೇನೆ. ಇಡದೆ ಎದ್ದು ಹೋದರೆ, ಆ ಮೂಲೆ ಹಾಗೇ ಇರುತ್ತದೆ.