ಮೂಸಿದ ಹೂವು

ಸೊರಬದ ಬಸ್‌ಸ್ಟ್ಯಾಂಡ್ ಎದುರು ಗುತ್ಯಮ್ಮನ ಹೂವಿನಂಗಡಿಯಲ್ಲಿ ನಲವತ್ತು ವರ್ಷದಿಂದ ಯಾರೂ ಹೂವು ಮೂಸುವಂತಿರಲಿಲ್ಲ. ಮೂಸಿದ ಹೂವು ದೇವರಿಗೆ ಆಗುವುದಿಲ್ಲವೆಂದು, ಎಂಥ ದೊಡ್ಡ ಮನುಷ್ಯರಾದರೂ ಸರಿ, ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಈಗ ಸೊಸೆ ಸ್ಪಂದನ ಫೋನಿನಲ್ಲೇ ಬೊಕೆ ಆರ್ಡರ್ ಹಿಡಿಯುತ್ತಾಳೆ. ಮನೆಗೆ ಮುಟ್ಟಿಸುವ ಕೆಲಸ ಅತ್ತೆಯದು.

ಮೊದಲ ಬೊಕೆ ವರದಮ್ಮ ಟೀಚರ ಹುಟ್ಟುಹಬ್ಬಕ್ಕೆ. ಟೀಚರು ಗುಲಾಬಿಯ ಹತ್ತಿರ ಮೂಗು ತಂದದ್ದೇ ತಡ, ಗುತ್ಯಮ್ಮ ಬೊಕೆ ಕಸಿದುಕೊಂಡಳು.

“ಇದು ದೇವರಿಗಲ್ಲ ಗುತ್ಯಮ್ಮ, ನನಗೆ,” ಎಂದರು ಟೀಚರು. “ಮೂಸೋಕೇ ಕಳಿಸಿದ್ದಾರೆ.”

ಗುತ್ಯಮ್ಮ ಬೊಕೆ ಹಿಂದಕ್ಕೆ ಕೊಟ್ಟು, ದಾರಿಯುದ್ದಕ್ಕೂ ಗೊಣಗಿಕೊಂಡು ಬಂದಳು.

ಸಂಜೆ ಬುಟ್ಟಿಯಲ್ಲಿ ಒಂದೇ ಗುಲಾಬಿ ಉಳಿದಿತ್ತು. ಸ್ಪಂದನ ಎತ್ತಿಕೊಂಡಳು.

“ಅದನ್ನ ದೇವರ ಹಾರಕ್ಕೆ ಹಾಕಬೇಡ, ಮೂಸಿದ್ದು,” ಎಂದಳು ಗುತ್ಯಮ್ಮ.

“ಯಾರು ಮೂಸಿದ್ದು ಅತ್ತೆ?”

ಗುತ್ಯಮ್ಮ ಮಲ್ಲಿಗೆಯಿಂದ ತಲೆ ಎತ್ತಲಿಲ್ಲ. “ಸುಮ್ನೆ ಕಟ್ಟು ನೀನು.”