ಕತ್ತಲು ಬೇಡಿದ ಸೇವಂತಿಗೆ

ನಮ್ಮ ಮನೆಯ ಸೇವಂತಿಗೆ ಗಿಡ ಅತ್ತೆಯ ಎತ್ತರ ದಾಟಿದ ದಿನ ಅವರು ಅದರ ಪಕ್ಕ ನೆಟ್ಟಗೆ ನಿಂತು, ತಲೆಯ ಮೇಲೆ ಅಂಗೈ ಇಟ್ಟು ಅಳೆದು ನೋಡಿದರು. ಗಿಡ ನಾಲ್ಕು ಬೆರಳು ಮುಂದಿತ್ತು. ಅತ್ತೆ ಕುಳ್ಳಗಿದ್ದಾರೆ ನಿಜ, ಆದರೂ ಸೇವಂತಿಗೆಗೆ ಅದು ಸಣ್ಣ ಎತ್ತರವಲ್ಲ. "ನಮ್ಮಕ್ಕನೂ ನನಗಿಂತ ಎತ್ತರ ಇದ್ಲು. ಆಕಿ ಗಿಡನೂ ಹಂಗೇ ಆತು ನೋಡು" ಎಂದು ಖುಷಿಪಟ್ಟರು. ಆಗ ಮಹಾನವಮಿ ಹತ್ತಿರ ಬಂದಿತ್ತು. ಅಷ್ಟು ಎತ್ತರದ ಗಿಡದಲ್ಲಿ ಒಂದೇ ಒಂದು ಮೊಗ್ಗಿರಲಿಲ್ಲ.

ಅತ್ತೆಯ ಅಕ್ಕನನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ನಂದಿಗುಡಿಯಲ್ಲಿ ಮೈದುನನ ಮನೆಯ ಹಿಂದಿನ ಕೋಣೆಯೊಂದರಲ್ಲಿ ಬದುಕು ಕಳೆದರು. ಇಡೀ ಮನೆಯಲ್ಲಿ ಅವರದು ಅಂತ ಇದ್ದದ್ದು ಬಚ್ಚಲ ನೀರು ಹರಿಯುವ ಕಡೆ ಮಾಡಿಕೊಂಡ ಸೇವಂತಿಗೆ ಮಡಿ ಒಂದೇ. ಅಂಗಡಿಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ದಪ್ಪ ಹಳದಿ ಹೂವಲ್ಲ ಅದು. ಚಿಕ್ಕ ಹೂ, ಬೆಣ್ಣೆಯ ಬಣ್ಣ, ವಾಸನೆ ಮಾತ್ರ ಮನೆ ತುಂಬ. ಪ್ರತಿ ವರ್ಷ ದೀಪಾವಳಿಗೆ ಎರಡು ದಿನ ಮುಂಚೆ ದೊಡ್ಡವ್ವ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ದಾವಣಗೆರೆಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಅಕ್ಕ ತಂಗಿ ಅರ್ಧ ದಿನ ಕೂತು ಹೂ ಕಟ್ಟುತ್ತ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ವಾರದಲ್ಲಿ ದೊಡ್ಡವ್ವ ಹೋದರು. ಕಾರ್ಯದ ದಿನ ಉಳಿದವರೆಲ್ಲ ಊಟಕ್ಕೆ ಕೂತಾಗ ಅತ್ತೆ ಹಿತ್ತಿಲಿಗೆ ಹೋಗಿ, ಒಣಗಿ ನಿಂತ ಗಿಡದ ಬುಡದಿಂದ ಐದಾರು ಮರಿ ಕಿತ್ತು, ಮಣ್ಣು ಸಮೇತ ಹಾಲಿನ ಕವರಿನಲ್ಲಿ ಹಾಕಿಕೊಂಡರು. ಬಸ್ಸಿನಲ್ಲಿ ಆ ಕವರನ್ನು ನನ್ನ ಕೈಗೂ ಕೊಡಲಿಲ್ಲ.

ನಮ್ಮ ಕಡೆ ದೀಪಾವಳಿಯಲ್ಲಿ ಹಿರಿಯರ ಪೂಜೆ ಮಾಡುತ್ತೇವೆ. ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರ ಹೆಸರಿನಲ್ಲೂ ಪಂಚೆಯೋ ಸೀರೆಯೋ ಮಡಚಿ ಹಲಗೆಯ ಮೇಲಿಟ್ಟು, ಮುಂದೆ ಬಾಳೆ ಎಲೆ ಹಾಕಿ ಎಡೆ ಬಡಿಸುತ್ತೇವೆ. ಆದರೆ ಆ ಹಲಗೆ ಗಂಡನ ಮನೆಯ ಹಿರಿಯರದ್ದು. ಸೊಸೆಯಾಗಿ ಬಂದವಳ ಅಕ್ಕನಿಗೆ ಅಲ್ಲಿ ಜಾಗವಿಲ್ಲ. ದೊಡ್ಡವ್ವನ ಮೈದುನನ ಮಕ್ಕಳೂ ಅವರ ಹೆಸರಿಗೆ ಎಡೆ ಇಡುವುದಿಲ್ಲವಂತೆ ಎಂದು ಯಾರೋ ಬಂದು ಹೇಳಿದಾಗ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನನ್ನು ಅಡುಗೆಮನೆಗೆ ಕರೆದರು.

"ಸೀರೆ ಇಡಂಗಿಲ್ಲ. ಇಟ್ರೆ ಯಾರದಂತ ಕೇಳ್ತಾರೆ. ಆಕಿ ಗಿಡದ ಹೂವ ಹಲಗಿ ತುದಿಗೆ ಇಟ್ರೆ ಯಾರು ಕೇಳ್ತಾರೆ? ಎಡಿ ವಾಸನಿ ಅಷ್ಟು ದೂರ ಹೋಗಲ್ಲೇನು?"

ಹೀಗೆ ನಾನು ಆ ಗುಟ್ಟಿನಲ್ಲಿ ಪಾಲುದಾರಳಾದೆ. ಹಬ್ಬದ ದಿನ ಆ ಗಿಡದಲ್ಲಿ ಹೂವಿರಬೇಕು, ಅಷ್ಟೇ ನಮ್ಮ ಕೆಲಸ. ಕೇಳುವುದಕ್ಕೆ ಸುಲಭ ಅನ್ನಿಸಿತು. ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಗಿಡಗಳ ವಿಷಯ ನನಗೆ ಗೊತ್ತು ಎಂಬ ಧಿಮಾಕು ಬೇರೆ ಇತ್ತು.

ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಹಿತ್ತಿಲಿಲ್ಲ. ಕಾಂಪೌಂಡಿಗೂ ಮೆಟ್ಟಿಲಿಗೂ ನಡುವೆ ಮಂಚದಗಲದ ಮಣ್ಣಿದೆ. ಮರಿಗಳನ್ನು ಅಲ್ಲೇ ನೆಟ್ಟೆವು, ಒಂದು ಮಾತ್ರ ಹತ್ತಿತು. ಮೊದಲ ವರ್ಷ ದೀಪಾವಳಿಗೆ ವಾರವಿರುವಾಗ ಹೂ ಬಿಟ್ಟಿತು, ಹಬ್ಬದ ಹೊತ್ತಿಗೆ ಗಿಡದಲ್ಲಿ ಬರೀ ತೊಟ್ಟುಗಳಿದ್ದವು. ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಕಿಂಗ್ ಎಂದರೆ ಅರ್ಧ ನಡಿಗೆ, ಅರ್ಧ ಹೂವಿನ ಕೊಯ್ಲು. ಬೆಳಕು ಹರಿಯುವ ಮೊದಲೇ ಪ್ಲಾಸ್ಟಿಕ್ ಚೀಲ ಹಿಡಿದು ಹೊರಡುತ್ತಾರೆ. ಕೆಲವರ ಹತ್ತಿರ ತುದಿಗೆ ತಂತಿ ಬಗ್ಗಿಸಿ ಕಟ್ಟಿದ ಕೋಲೂ ಇರುತ್ತದೆ. ಕೈಗೆ ಸಿಕ್ಕಿಬಿದ್ದರೂ ಮುಖದಲ್ಲಿ ನಾಚಿಕೆ ಇಲ್ಲ. "ದೇವ್ರಿಗೇ ಅಲ್ಲೇನ್ರಿ" ಎನ್ನುತ್ತಾರೆ. ಅವರವರ ದೇವರಿಗೆ ನಮ್ಮ ಹೂವೇ ಆಗಬೇಕು! ಆ ವರ್ಷ ದೊಡ್ಡವ್ವನ ಹೆಸರಿಗೆ ಅತ್ತೆಗೆ ಸಿಕ್ಕಿದ್ದು ಕೆಳಗಿನ ಎಲೆಗಳಲ್ಲಿ ಅಡಗಿದ್ದ ಒಂದು ಸೊಟ್ಟ ಹೂ.

ನನಗೆ ಸಿಟ್ಟು ನೆತ್ತಿಗೇರಿತು. ಮರುವರ್ಷ ಮಳೆಗಾಲ ಶುರುವಾದಾಗ ಮನೆಯವರಿಗೆ ಹೇಳಿ ಕಾಂಪೌಂಡಿನ ಮೂಲೆಗೆ ದೊಡ್ಡ ಎಲ್‌ಇಡಿ ಬಲ್ಬ್ ಹಾಕಿಸಿದೆ. ದೀಪ ಹಚ್ಚುವ ಹೊತ್ತಿಗೆ ಅದನ್ನೂ ಹಾಕಿದರೆ ಬೆಳಗಿನ ಹಾಲು ಬರುವವರೆಗೆ ಆರಿಸುತ್ತಿರಲಿಲ್ಲ. ಗಿಡದ ಒಂದೊಂದು ಎಲೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಕೋಲಿನವರು ನಮ್ಮ ಗೇಟು ಬಂದ ಕೂಡಲೇ ತಲೆ ತಗ್ಗಿಸಿ ಮುಂದೆ ಹೋಗತೊಡಗಿದರು. ಅದನ್ನು ಕಿಟಕಿಯಿಂದ ನೋಡುವುದೇ ನನಗೊಂದು ಸುಖವಾಗಿತ್ತು.

ಗಿಡವೂ ಉಬ್ಬಿತು. ಆಷಾಢದಲ್ಲಿ ಅತ್ತೆ ಕುಡಿ ಚಿವುಟಿದರು, ಒಂದಿದ್ದದ್ದು ನಾಲ್ಕು ಕವಲಾಯಿತು. ಶ್ರಾವಣದಲ್ಲಿ ಸೊಂಟಕ್ಕೆ ಬಂತು, ಭಾದ್ರಪದದಲ್ಲಿ ಎದೆಗೆ. ಗಾಳಿಗೆ ವಾಲದಿರಲಿ ಎಂದು ಹತ್ತಿಕಟ್ಟಿಗೆ ಊರಿ ಹಳೆಯ ಸೀರೆಯ ಅಂಚಿನಿಂದ ಕಟ್ಟಿದೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನು ಗೊಬ್ಬರ ಹಾಕಿದ್ದೀರಿ ಎಂದು ಕೇಳುತ್ತಿದ್ದರು. ಅತ್ತೆ ಅವರು ಹೋದಮೇಲೆ ಗಿಡಕ್ಕೆ ದೃಷ್ಟಿ ತೆಗೆಯುತ್ತಿದ್ದರು.

ಮೊಗ್ಗು ಬರದಿದ್ದಾಗ ನನ್ನ ತನಿಖೆ ಆರಂಭವಾಯಿತು. ಗೊಬ್ಬರ ಹೆಚ್ಚಾದರೆ ಗಿಡ ಬರೀ ಎಲೆ ಬಿಡುತ್ತದೆ ಎಂದು ಗೊಬ್ಬರ ನಿಲ್ಲಿಸಿದೆ. ನೀರು ಕಡಿಮೆ ಮಾಡಿದೆ. ಆನಗೋಡಿನ ಕಡೆ ಹೂ ಬೆಳೆಯುವ ಒಬ್ಬರಿಗೆ ಕವಲೊಂದನ್ನು ಒಯ್ದು ತೋರಿಸಿದೆ. ಅವರು ಎಲೆ ಮುರಿದು ಮೂಸಿ, "ಗಿಡಕ್ಕೇನೂ ಆಗಿಲ್ರಿ. ಅದಕ್ಕಿನ್ನೂ ಹೂ ಬಿಡೋ ಕಾಲ ಬಂದಂಗಿಲ್ಲ" ಎಂದರು. ಕಾಲ ಬರದೆ ಏನು? ಪಂಚಾಂಗದಲ್ಲಿ ಆಶ್ವಯುಜ ಬಂದು ಕೂತಿತ್ತು. ಗಿಡಕ್ಕೆ ಮಾತ್ರ ಅದು ಹೇಗೆ ತಿಳಿಯಲಿಲ್ಲ ಎಂದು ನಾನು ಬಸ್ಸಿನಲ್ಲಿ ಹರಿಹರಕ್ಕೆ ಹೋಗುತ್ತ ಬರುತ್ತ ಅದನ್ನೇ ಯೋಚಿಸುತ್ತಿದ್ದೆ. ಅತ್ತೆ ದಿನಾ ಬೆಳಿಗ್ಗೆ ಕುಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ ಒಳಗೆ ಬರುತ್ತಿದ್ದರು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಹಬ್ಬಕ್ಕೆ ಎರಡು ದಿನವಿತ್ತು. ನಮ್ಮ ಹಿಂದಿನ ರಸ್ತೆಯ ಒಬ್ಬ ಹೆಂಗಸು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಅವರು ತಿರುಗಿದಾಗ ಜಡೆಯಲ್ಲಿ ಬೆಣ್ಣೆ ಬಣ್ಣದ ಚಿಕ್ಕ ಸೇವಂತಿಗೆ. ವಾಸನೆಯೂ ಅದೇ. ನನ್ನ ಕೈಯಲ್ಲಿದ್ದ ಹೆಪ್ಪಿನ ಬಟ್ಟಲು ಕೈಯಲ್ಲೇ ಉಳಿಯಿತು.

"ಈ ಹೂ ಎಲ್ಲೀವ್ರೀ?"

ಅವರ ಮುಖ ಒಂದು ಗಳಿಗೆ ಪೆಚ್ಚಾಯಿತು, ಆಮೇಲೆ ನಕ್ಕುಬಿಟ್ಟರು. "ಟೀಚರ್ರೇ, ಸುಳ್ಳು ಹೇಳಲ್ಲ. ಹೋದ್ವರ್ಷ ನಿಮ್ಮನೆ ಗಿಡದ್ದೇ ಒಂದು ಮರಿ ಕಿತ್ಕೊಂಡು ಹೋಗಿದ್ದೆ. ಕೇಳಿ ತಂದ್ರೆ ಹತ್ತಲ್ಲ, ಕದ್ದು ತಂದ್ರೆ ಹತ್ತತೈತಿ ಅಂತಾರಲ್ರೀ, ಅದಕ್ಕ."

ಬಯ್ಯಬೇಕೆಂದೇ ಬಾಯಿ ತೆರೆದವಳು, "ನಡೀರಿ, ತೋರಿಸ್ರಿ" ಎಂದೆ. ಕುತೂಹಲದ ಮುಂದೆ ನನ್ನ ಸಿಟ್ಟು ಯಾವಾಗಲೂ ಸೋಲುತ್ತದೆ.

ಅವರ ಹಿತ್ತಿಲಿನಲ್ಲಿ, ನೀರಿನ ತೊಟ್ಟಿಯ ಹಿಂದೆ, ನನ್ನ ಸೊಂಟದೆತ್ತರದ ಗಿಡ ಮೈತುಂಬ ಹೂ ಬಿಟ್ಟು ನಿಂತಿತ್ತು. ಒಂದೇ ತಾಯಿಯ ಮರಿ, ಅದೇ ನಲ್ಲಿ ನೀರು, ಅದೇ ಬಡಾವಣೆಯ ಮಣ್ಣು. ನಾನು ಒಂದೊಂದೇ ಕೇಳುತ್ತ ಹೋದೆ. ಗೊಬ್ಬರ? ಅವರೂ ಸಗಣಿಯದೇ ಹಾಕಿದ್ದರು. ಕುಡಿ ಚಿವುಟಿದ್ದು? ಅವರೂ ಆಷಾಢದಲ್ಲೇ. ವ್ಯತ್ಯಾಸ ಎಲ್ಲಿದೆ ಎಂದು ಅತ್ತ ಇತ್ತ ನೋಡುವಾಗ ಗೋಡೆಯ ಮೇಲೆ ಬಲ್ಬಿಲ್ಲದ ಹೋಲ್ಡರ್ ಕಂಡಿತು. ನಾನು ಅದನ್ನೇ ನೋಡುತ್ತಿದ್ದದ್ದಕ್ಕೆ ಅವರಿಗೆ ಸಂಕೋಚವಾಗಿರಬೇಕು.

"ಬಲ್ಬ್ ಹೋಗಿ ವರ್ಷ ಆತ್ರೀ. ನಮ್ಮನೆಯವ್ರಿಗೆ ಹೇಳಿ ಹೇಳಿ ಸಾಕಾತು. ಸಂಜಿ ಆದ್ರೆ ಇಲ್ಲಿ ಕೈಗೆ ಕೈ ಕಾಣಲ್ಲ."

ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೆಲವು ಗಿಡಗಳು ಕಾಲವನ್ನು ತಿಳಿಯುವುದು ಕತ್ತಲನ್ನು ಅಳೆದು. ರಾತ್ರಿ ಉದ್ದವಾದಾಗಲೇ ಅವಕ್ಕೆ ಹೂ ಬಿಡಬೇಕೆಂದು ಗೊತ್ತಾಗುತ್ತದೆ. ಇದನ್ನು ನಾನು ಎಷ್ಟು ವರ್ಷಗಳಿಂದ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಉದಾಹರಣೆಗೆ ಬೋರ್ಡಿನ ಮೇಲೆ ಬರೆಯುವ ಹೆಸರೂ ಸೇವಂತಿಗೆಯೇ! ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ನನ್ನ ದೀಪದ ಬುಡದಲ್ಲಿ ಕತ್ತಲೇ ಇರಲಿಲ್ಲ, ಅದೇ ಎಡವಟ್ಟಾಗಿತ್ತು. ಕಳ್ಳರಿಂದ ಕಾಯಲು ಹೋಗಿ, ಹೂ ಹುಟ್ಟುವುದನ್ನೇ ತಡೆದಿದ್ದೆ. ಆ ಹೊತ್ತಿನಲ್ಲಿ ನಾಚಿಕೆಯ ಜೊತೆಗೆ ವಿಚಿತ್ರವಾದ ಸಂತೋಷವೂ ಆಯಿತು. ಪುಸ್ತಕದ ಮಾತು ನನ್ನ ಅಂಗಳದಲ್ಲಿ ನಿಜವಾಗಿ ನಡೆದಿತ್ತಲ್ಲ. ಅಂದೇ ಬಲ್ಬ್ ತೆಗೆಸಿದೆ. ನಮ್ಮ ಗಿಡದಲ್ಲಿ ಮೊಗ್ಗು ಕಾಣಲು ಕಾರ್ತಿಕ ಮುಗಿಯುತ್ತ ಬಂದಿತ್ತು, ಆ ಮಾತು ಬೇರೆ.

ಆದರೆ ಹಬ್ಬ ನಾಡಿದ್ದಿತ್ತು. ಕದ್ದವರ ಮನೆಯಲ್ಲಿ ನಾನೇ ಸೆರಗೊಡ್ಡಿ ಹೂ ಕೇಳಬೇಕಾಯಿತು. ಯಾರಿಗೆ ಎಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹಬ್ಬದ ಬೆಳಿಗ್ಗೆ ಬುಟ್ಟಿ ತುಂಬ ಕೊಯ್ದು ಅವರೇ ತಂದುಕೊಟ್ಟರು. ಅತ್ತೆಗೆ ನಡೆದದ್ದನ್ನೆಲ್ಲ ಹೇಳಿ, ಬೇರೆಯವರ ಮನೆಯ ಹೂವು ಆಗುತ್ತದೋ ಇಲ್ಲವೋ ಎಂದು ಅಳುಕುತ್ತ ಬುಟ್ಟಿ ಮುಂದಿಟ್ಟೆ. ಅವರು ಮುಖವನ್ನೇ ಬುಟ್ಟಿಯೊಳಗೆ ಇಟ್ಟು ಬಹಳ ಹೊತ್ತು ಮೂಸಿದರು.

"ಯಾರ ಮನಿಯಾಗಿದ್ರೇನು. ನಮ್ಮಕ್ಕನ ಗಿಡ ಅಲ್ಲೇನು" ಎಂದರು.

ಹಿರಿಯರ ಪೂಜೆಗೆ ಆನಗೋಡಿನಿಂದ ನನ್ನ ಸಣ್ಣಮಾವ ಬರುತ್ತಾರೆ. ತೀರಿಕೊಂಡ ನನ್ನ ಮಾವನ ತಮ್ಮ, ಈಗ ಮನೆತನಕ್ಕೆ ಅವರೇ ಹಿರಿಯರು. ಮಾತು ಕಡಿಮೆ, ಶಾಸ್ತ್ರದಲ್ಲಿ ಒಂದೆಳೆ ಆಚೀಚೆ ಆದರೂ ಒಪ್ಪುವವರಲ್ಲ. ಹಲಗೆಯ ಮೇಲೆ ಮಾವನ ಪಂಚೆ, ಅವರ ತಂದೆಯ ಪಂಚೆ, ತಾಯಿಯ ಸೀರೆ ಸಾಲಾಗಿದ್ದವು. ಮೂವರಿಗೆ ಮೂರು ಎಲೆ. ಹಲಗೆಯ ತುದಿಯಲ್ಲಿ, ಬಟ್ಟೆಗಳಿಂದ ಒಂದು ಗೇಣು ದೂರ, ಅತ್ತೆ ಒಂದು ಹಿಡಿ ಹೂ ಇಟ್ಟಿದ್ದರು. ಯಾರಾದರೂ ಕೇಳಿದರೆ ಅಲಂಕಾರಕ್ಕೆ ಎನ್ನಬೇಕು ಎಂದು ನನಗೆ ಮೊದಲೇ ಕಲಿಸಿದ್ದರು.

ಸಣ್ಣಮಾವ ಊದುಬತ್ತಿ ಹಿಡಿದು ಬಂದವರು ತುದಿಯಲ್ಲಿ ನಿಂತರು.

"ಇದೇನು ಹೂವ ಬ್ಯಾರೆ ಇಟ್ಟೀರಿ? ಇದು ಯಾರದು?"

ನಾನು ಸುಳ್ಳಿಗೆ ಸಿದ್ಧಳಾದೆ. ಅಷ್ಟರಲ್ಲಿ ಅತ್ತೆ, ನಲವತ್ತು ವರ್ಷ ಆ ಮನೆಯಲ್ಲಿ ಮೈದುನನ ಎದುರು ದನಿ ಎತ್ತದವರು, ನೆಟ್ಟಗೆ ಹೇಳಿಬಿಟ್ಟರು.

"ನಮ್ಮಕ್ಕಂದು."

ಸಣ್ಣಮಾವ ಹೂವನ್ನು ನೋಡಿದರು, ಮೂರು ಎಲೆಗಳನ್ನು ನೋಡಿದರು.

"ಹಂಗಾರೆ ಆಯಮ್ಮಗ ಎಲಿ ಯಾಕ ಹಾಕಿಲ್ಲ ಅತ್ತಿಗೆ? ಹಸಗೊಂಡು ಕುಂತಾರಲ್ಲ" ಎಂದರು ಸಣ್ಣಮಾವ.

ನಾನು ಓಡಿಹೋಗಿ ಎಲೆ ತಂದು ಹಾಸಿದೆ. ಅತ್ತೆ ಅನ್ನ ಬಡಿಸಿದರು, ಪಲ್ಯ ಬಡಿಸಿದರು, ಎರಡು ಹೋಳಿಗೆ ಇಟ್ಟರು. ತುಪ್ಪದ ಗಿಂಡಿ ಎತ್ತಿದವರು ತಡೆದು, ಅದನ್ನು ನನ್ನ ಕೈಗೆ ಕೊಟ್ಟರು.

"ನೀನೇ ಹಾಕವ್ವ. ಆಕಿಗೆ ತುಪ್ಪ ಜಾಸ್ತಿ ಬೇಕು. ನನಗೆ ಎಲಿ ಕಾಣವಲ್ದು."